ಪೇಚಿಯಮ್ಮನ ಹಿತ್ತಾಳೆ ಬೀಗ

ಬೀಗ ಎತ್ತಿದ್ದು ನೆನಪಿದೆ. ಅದರ ಕೆಳಗೆ ಯಾವ ಹಾಳೆಗಳಿದ್ದವು ಅನ್ನುವುದು ಮಾತ್ರ ನೆನಪಿಲ್ಲ. ನನ್ನ ಕೂಸು ಇನಿಯನಿಗೆ ಹಾಲು ಕುಡಿಸುವಾಗಲೂ, ಜ್ವರವಿದೆಯೇ ಎಂದು ಅವನ ಹಣೆಯನ್ನು ಹತ್ತನೇ ಸಲ ಮುಟ್ಟುವಾಗಲೂ ಎರಡು ವಾರದಿಂದ ಇದೇ ಕೊರೆತ.

ಶಿವಕಾಶಿಯಲ್ಲಿ ನಮ್ಮ ಅತ್ತೆಯದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಶೆಡ್ಡು. ಉದ್ದನೆಯ ಮೇಜಿನ ಸುತ್ತ ವಾರಕ್ಕೊಂದರಂತೆ ಐವತ್ಮೂರು ರಾಶಿ. ಹೆಂಗಸರು ಸಾಲಾಗಿ ಸುತ್ತುತ್ತ ಒಂದೊಂದರಿಂದ ಏಳು ಹಾಳೆಯ ಒಂದೊಂದು ಕಟ್ಟು ಆಯ್ದು ಕೂಡಿಸಬೇಕು, ತಾಳೆ ನೋಡಬೇಕು, ಅಂಚು ಒಪ್ಪವಾಗಿಸಿ ಜೋಡಿಸಬೇಕು. ಮೂವತ್ತೊಂದು ವರ್ಷ ಆ ಸಾಲಿನ ಮುಂದೆ ನಡೆದವಳು ಪೇಚಿಯಮ್ಮ. ಅಕ್ಷರ ಬಾರದು. ತಿರುಪ್ಪೂರಿಗೆ ಹೋದ ಗಂಡ ಹಿಂದಿರುಗಲಿಲ್ಲ, ಆ ಮೇಜನ್ನು ಸುತ್ತಿ ಸುತ್ತಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಗಾಳಿಗೆ ಹಾಳೆ ಹಾರದಂತೆ ಪ್ರತಿ ರಾಶಿಯ ಮೇಲೂ ಅವಳದೇ ಒಂದು ಭಾರ: ಹಿತ್ತಾಳೆ ಬೀಗ, ಒಡೆದ ಗುಂಡುಕಲ್ಲು, ಹಳೇ ತಕ್ಕಡಿಯ ಬಟ್ಟು. ರಾಶಿಗಳ ಗುರುತೂ ಅದೇ. ಕೊನೆಗೆ ಹೆಬ್ಬೆರಳಿನಲ್ಲಿ ಸರ್ರನೆ ಹಾಳೆ ಮಗುಚಿ ನೋಡುವಳು. ಏಳಕ್ಕೊಂದು ಕೆಂಪು ಭಾನುವಾರ ಬಂದರೆ ಸರಿ.

ನನ್ನನ್ನು ಕಂಡರೆ ಅವಳಿಗೆ ಆಗದು. ನನಗೂ ಅಷ್ಟೆ.

"ಸಣ್ಣಮ್ಮ, ಮಗು ಸೀನಿದ್ದಕ್ಕೆ ಊರಿನ ಫ್ಯಾನೆಲ್ಲ ನಿಲ್ಲಿಸ್ತೀರಾ? ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ?" ಅನ್ನುವಳು. ಹೆಂಗಸರು ಸೆರಗು ಕಚ್ಚಿ ನಗುವರು.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಅನ್ನುತ್ತಿದ್ದೆ.

ಆ ದಿನ ಎಲ್ಲರೂ ಚಹಾಕ್ಕೆ ಹೊರಗೆ ಹೋಗಿದ್ದರು. ಶೆಡ್ಡಿನ ತೊಲೆಗೆ ಕಟ್ಟಿದ್ದ ಇನಿಯನ ಸೀರೆ ತೊಟ್ಟಿಲು ಮೇಜಿನ ಮೂಲೆಗೆ ತಾಗುತ್ತಿತ್ತು. ಅವನ ತಲೆಗೆ ಪೆಟ್ಟಾದೀತೆಂದು ಮೂಲೆಯ ಎರಡು ರಾಶಿ ಇಳಿಸಿ, ಮೇಜು ಸರಿಸಿ, ಮತ್ತೆ ಎತ್ತಿಟ್ಟೆ. ಮೊದಲು ಬೀಗ, ಆಮೇಲೆ ಗುಂಡುಕಲ್ಲು. ಭಾರಗಳ ಸಾಲು ತಪ್ಪಲಿಲ್ಲ, ನನಗೆ ತಿಳಿಯದೆ ಕೆಳಗಿನ ವಾರಗಳು ಅದಲುಬದಲಾಗಿದ್ದವು. ಕೆಂಪು ಮಾತ್ರ ಏಳಕ್ಕೊಂದು ಬರುತ್ತಲೇ ಇತ್ತು.

ಹೊಸ ವರ್ಷ ಹತ್ತಿರವಾದ ಮಾರ್ಗಳಿ ತಿಂಗಳಲ್ಲಿ ವಿರುದುನಗರದ ಜವಳಿ ಅಂಗಡಿಯವರು ಎರಡು ಸಾವಿರ ಕ್ಯಾಲೆಂಡರ್ ವಾಪಸು ತಂದು ಬಿಸಾಡಿದರು. ಯಾರೋ ಮಗಳ ಮದುವೆಗೆಂದು ಆವಣಿ ತಿಂಗಳ ಮುಹೂರ್ತ ಹುಡುಕಿದರೆ ಹದಿನೆಂಟನೇ ತಾರೀಕಿನ ಹಾಳೆಯ ಕೆಳಗೆ ಐದನೆಯದು!

"ಕಣ್ಣು ಹೋಗಿದೆ ನಿನಗೆ. ನಾಳೆಯಿಂದ ಬರಬೇಡ," ಎಂದರು ಅತ್ತೆ, ಎಲ್ಲರೆದುರು.

ಪೇಚಿಯಮ್ಮ ನನ್ನನ್ನೇ ನೋಡಿದಳು. ನಾನು ಮಗುವಿನ ಮೂಗು ಒರೆಸಿದೆ.

ಊರಲ್ಲಿ ಸುದ್ದಿ ಹರಡಿತು. ವರ್ಷ ತಪ್ಪಿಸಿದ ಕೈಯನ್ನು ಬೇರಾವ ಶೆಡ್ಡೂ ಸೇರಿಸಲಿಲ್ಲ.

ಇವತ್ತು ಬೆಳಿಗ್ಗೆ ಮನೆಯ ಗೇಟಿಗೇ ಬಂದಳು. "ನನ್ನ ಭಾರಗಳನ್ನ ಕೊಟ್ಟುಬಿಡಿ. ಅವೇನೂ ನಿಮ್ಮವಲ್ಲ."

ಅತ್ತೆ ಮನೆಗೆ ತಂದಿಟ್ಟಿದ್ದ ಡಬ್ಬ ಕೊಟ್ಟೆ. ಅವಳು ಬೀಗ ಹೊರತೆಗೆದು ನನ್ನ ಮುಖದೆದುರು ಹಿಡಿದಳು.

"ಇದರ ಕೊಂಡಿ ಯಾವತ್ತೂ ನನ್ನ ಕಡೆ ಇರ್ತದೆ. ಆವತ್ತು ಗೋಡೆ ಕಡೆ ಇತ್ತು. ನೋಡಿದೆ. ಮನೆ ಸೊಸೆ ನನ್ನ ರಾಶಿಗೆ ಕೈ ಹಾಕ್ತಾಳೆ ಅಂತ ಹೊಳೀಲಿಲ್ಲ, ಹಾಗೇ ಸುತ್ತು ಶುರುಮಾಡಿಬಿಟ್ಟೆ. ಅಷ್ಟು ಮಾತ್ರ ನನ್ನ ತಪ್ಪು."

"ಹಾಗಿದ್ರೆ ಅತ್ತೆಗೆ ಯಾಕೆ ಹೇಳಲಿಲ್ಲ?"

"ಸೊಸೆ ಮೇಲೆ ಚಾಡಿ ಹೇಳಿದ್ಲು ಅನ್ನಿಸ್ಕೊಳ್ಳಕ್ಕಾ? ಬಾಯಿ ನಿಮಗೂ ಇದೆಯಲ್ಲ, ಸಣ್ಣಮ್ಮ. ಬರೀ ನನ್ನ ಬಯ್ಯೋದಕ್ಕಾ ಅದು?"

ಇನಿಯ ಎದ್ದು ಅಳತೊಡಗಿದ. ಅವಳು ಇಣುಕಿಯೂ ನೋಡದೆ ಡಬ್ಬ ಕಂಕುಳಿಗೇರಿಸಿ ಹೊರಟಳು. ಸೊಕ್ಕಿನ ಹೆಂಗಸು, ಈಗಲೂ ಅದೇ ಅನ್ನುತ್ತೇನೆ. ಆದರೆ ಅವಳು ತಿರುವು ದಾಟುವ ಮೊದಲೇ ನನ್ನ ಕೈ ಫೋನಿನ ಮೇಲಿತ್ತು.

ಶೆಡ್ಡಿನಲ್ಲಿ ಅತ್ತೆ ಫೋನ್ ಎತ್ತಿದರು. ಹಿಂದೆ ಮೇಜಿನ ಸುತ್ತ ಹೆಜ್ಜೆಗಳ ಸದ್ದು.

"ಅತ್ತೆ, ಸ್ಪೀಕರ್ ಹಾಕಿ. ಅಲ್ಲಿರೋರೆಲ್ಲ ಕೇಳ್ಲಿ."

"ಏನು ಹೊಸ ಹುಚ್ಚು? ಮಗು ಅಳೋದು ಇಲ್ಲಿಗೇ ಕೇಳ್ತಿದೆ, ಮೊದಲು ಅದನ್ನ ಎತ್ಕೋ."

"ಅಳ್ಲಿ ಅತ್ತೆ," ಎಂದೆ. "ಪೇಚಿಯಮ್ಮನ ರಾಶಿ ಕದಲಿಸಿದ್ದು ನಾನು."