ಅಪ್ಪನ ಮುಂದೆ ಬರಿಗಾಲಲ್ಲಿ

ಹುಟ್ಟುವಾಗಲೇ ನನ್ನ ಎರಡೂ ಪಾದಗಳು ಒಳಕ್ಕೆ ತಿರುಚಿಕೊಂಡಿದ್ದವು. ಶಾಲೆಗೆ ಸೇರಿಸುವ ಮೊದಲೇ ಅವ್ವ ಹಟ ಹಿಡಿದು ದೂರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದಳು. ಪಟ್ಟಿ ಬಿಚ್ಚಿದಾಗ ಪಾದಗಳು ನೇರವಾಗಿದ್ದವು. ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಟ್ಟಿಯವರಿಗೆಲ್ಲ ತೋರಿಸಿ ಬಂದಳು.

ಆದರೆ ನಾನು ಬೆಳೆದಂತೆ ಕುಯ್ದ ಕಡೆಯ ಕೀಲುಗಳು ಬಿಗಿದುಕೊಂಡವು, ಬೆರಳುಗಳು ಕೊಕ್ಕೆಯಂತೆ ಬಾಗಿದವು, ಹಿಮ್ಮಡಿ ನೆಲ ಮುಟ್ಟುವುದನ್ನೇ ಬಿಟ್ಟಿತು. ಮೈಭಾರವೆಲ್ಲ ಕಿರುಬೆರಳಿನ ಬುಡಕ್ಕೆ ಬಿದ್ದು ಅಲ್ಲಿ ಚರ್ಮ ಗಟ್ಟಿಯಾಗಿ ಆಣಿ ಕಟ್ಟಿತು. ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡಿದೆ ಎಂದು ಎಷ್ಟೋ ಸಲ ತೆಗೆದು ಕೊಡವಿದ್ದೇನೆ. ಕಲ್ಲು ಇರುತ್ತಿರಲಿಲ್ಲ.

ಅಪ್ಪ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ. ಕುರಿ ಹಿಂದೆ ನಡೆಯಲಾರದ ನಾನು ಕೂತು ಮಾಡುವ ಕೆಲಸ ಕಲಿತು, ಮೊಳಕಾಲ್ಮುರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟೆ. ಆಗಾಗ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ ಬ್ಲೇಡಿನಿಂದ ಆಣಿ ಹೆರೆದುಕೊಳ್ಳುತ್ತಿದ್ದೆ. ತುಸು ಆಳಕ್ಕೆ ಹೋದರೆ ರಕ್ತ, ಹೆದರಿ ಕೈಬಿಟ್ಟರೆ ಮಾರನೆಯ ದಿನವೇ ಚುಚ್ಚು. ಚಳ್ಳಕೆರೆಯ ಡಾಕ್ಟರು ಎಚ್ಚರಿಸಿದ್ದರು: "ಬರಿಗಾಲಲ್ಲಿ ಮಾತ್ರ ನಡೀಬೇಡಿ. ಒಡೆದ್ರೆ ಮಾಯೋದು ಕಷ್ಟ."

ಹೋದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ನಮ್ಮಲ್ಲಿ ಹೂಳುವುದಾದರೂ ಹಿರಿಮಗ ಬೆಂಕಿಯ ಗಡಿಗೆ ಹಿಡಿದು ಹೆಣದ ಮುಂದೆ ಬರಿಗಾಲಲ್ಲಿ ನಡೆಯಬೇಕು. ಮಣ್ಣು ಮಾಡುವ ಜಾಗ ಹಳ್ಳದಾಚೆ, ದಾರಿಯುದ್ದಕ್ಕೂ ಕಲ್ಲುಮುಳ್ಳು. ಹೊರಡುವ ಮುಂಚೆ ತಮ್ಮ ನನ್ನ ಕೈ ಹಿಡಿದ.

"ಅಣ್ಣ, ಗಡಿಗೆ ನಂಗೆ ಕೊಡು. ನೀನು ಆಟೋದಾಗೆ ಬಾ. ಯಾರೂ ಏನೂ ಅನ್ನಲ್ಲ."

"ನಾನಿರೋವಾಗ ನೀನ್ಯಾಕೋ ಹಿಡೀತೀಯಾ?" ಎಂದೆ.

ಹಟ್ಟಿಯ ಹಿರಿಯರೊಬ್ಬರೂ ಹೇಳಿದರು: "ಚಪ್ಲಿ ಹಾಕ್ಕೊಂಡೇ ಬಾರಪ್ಪಾ. ನಿನ್ ಕಾಲು ಹೆಂಗೈತೆ ಅಂತ ನಿಮ್ಮಪ್ಪಂಗೆ ಗೊತ್ತಿಲ್ವಾ?"

ಎಲ್ಲರೂ ನನ್ನ ಪಾದಗಳನ್ನೇ ನೋಡಿದರು. ಆ ಕನಿಕರಕ್ಕೆ ಮೈಯೆಲ್ಲ ಉರಿಯಿತು. ಚಪ್ಪಲಿ ಬಿಟ್ಟು ಹೊರಟೆ.

ನೆಲ ಕಾದ ಹೆಂಚಾಗಿತ್ತು. ಹಳ್ಳ ಇಳಿಯುವಾಗ ಬಲಗಾಲಿನ ಆಣಿ ಬಿರಿಯಿತು. ನನ್ನ ಹೆಜ್ಜೆ ನಿಧಾನವಾದಂತೆ ಹೆಣ ಹೊತ್ತವರೂ ಬಿಸಿಲಿನಲ್ಲಿ ನಿಂತು ನಿಂತು ಬರಬೇಕಾಯಿತು. ಅಪ್ಪನಿಗಾಗಿ ಅಳಬೇಕಾದವನು ಕಾಲಿಗಾಗಿ ಅತ್ತೆ. ನೋಡಿದವರು ತಂದೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು.

ಗಾಯ ಕೀವು ತುಂಬಿಕೊಂಡಿತು. ಎಲುಬಿಗೂ ಇಳಿದಿದೆ ಎಂದು ಡಾಕ್ಟರು ಕಿರುಬೆರಳನ್ನೂ ಅದರ ಬುಡದ ಎಲುಬನ್ನೂ ತೆಗೆದರು. ವಾರ್ಡಿನಲ್ಲಿ ಅವ್ವ ನನ್ನ ಮಂಚದ ಕಾಲ್ದೆಸೆಯಲ್ಲಿ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಕೇಳಿದಳು.

"ಸಣ್ಣೋನಿದ್ದಾಗ ನಿನ್ ಕಾಲು ಕುಯ್ಸಿದ್ದು ನಾನೇ. ಹುಟ್ಟಿದಂಗೇ ಬಿಟ್ಟಿದ್ರೆ ಚೆನ್ನಾಗಿರ್ತಿತ್ತೇನೋ?"

"ಬಿಟ್ಟಿದ್ರೆ ನಾನು ನಡೀತಾನೇ ಇರ್ಲಿಲ್ಲ ಕಣವ್ವ."

ಅದು ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ. ಅವಳು ನಂಬಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನೀರು ತರಲು ಎದ್ದು ಹೋದಳು.

ಈಗ ಭಾರ ಪಕ್ಕದ ಬೆರಳಿನ ಬುಡಕ್ಕೆ ಜರುಗಿದೆ. ಅಲ್ಲಿ ಚರ್ಮ ಹಳದಿಗಟ್ಟಿ ದಪ್ಪವಾಗುತ್ತಿದೆ. ಅಂಗಡಿಯಲ್ಲಿ ಗಿರಾಕಿ ಬಂದರೂ ನಾನು ಎದ್ದು ನಿಲ್ಲುವುದಿಲ್ಲ. ಅವ್ವ ಫೋನ್ ಮಾಡಿದಾಗ ಕಾಲಿನ ಸುದ್ದಿ ಎತ್ತುವುದಿಲ್ಲ, "ಉಂಡ್ಯಾ?" ಎಂದಷ್ಟೇ ಕೇಳುತ್ತಾಳೆ. ಉಂಡೆ ಎನ್ನುತ್ತೇನೆ. ಆಮೇಲೆ ಫೋನಿಟ್ಟು ಆ ಹಳದಿ ಚರ್ಮವನ್ನು ಒತ್ತಿ ನೋಡಿಕೊಳ್ಳುತ್ತೇನೆ.