ಒಂದು ಚೀಟಿಯೂ ಬಿದ್ದಿರಲಿಲ್ಲ

ಹೋಳೂರಿನ ವೆಂಕಟಮ್ಮನವರ ಟೊಮೆಟೊ ಹೊಲದಲ್ಲಿ ಆ ಬೆಳಿಗ್ಗೆ ಒಂದೇ ಒಂದು ರೋಗದ ಗಿಡವೂ ಕಾಣಲಿಲ್ಲ. ಹಿಂದಿನ ವಾರ ಎಲೆ ಮುದುರಿ ನಿಂತಿದ್ದ ಗಿಡಗಳ ಜಾಗದಲ್ಲೆಲ್ಲ ಗೇಣುದ್ದದ ಎಳೆ ಸಸಿಗಳು! ನಾನು ಹಳೆಯ ಗಿಡಗಳಿಗೆ ಕಟ್ಟಿದ್ದ ನಂಬರಿನ ಚೀಟಿಗಳು ಈಗ ಆ ಸಸಿಗಳ ಮೇಲಿದ್ದವು.

“ಏನಮ್ಮಾ ಇದು?” ನನ್ನ ದನಿ ಏರಿತು.

“ನೀವು ನೋಡಕ್ಕೆ ಬರ್ತೀನಿ ಅಂದ್ರಲ್ಲಾ ಮೇಡಂ, ಕಾಯಿಲೆ ಗಿಡಗಳ್ನೆಲ್ಲಾ ಕಿತ್ತಾಕಿ ಹೊಸವು ನೆಟ್ಟೆ. ನೆಂಟ್ರು ಬರೋ ದಿನ ಮನೆ ಗಲೀಜಾಗಿ ಇಟ್ಕೊಂತೀವಾ? ಚೀಟಿ ಮಾತ್ರ ಒಂದೂ ಬೀಳಕ್ಕೆ ಬಿಟ್ಟಿಲ್ಲ.”

ಎಲೆ ಮುದುರುವ ರೋಗವನ್ನು ತಡೆಯುವ ಗಿಡ ಯಾವುದೆಂದು ಸಸಿಯಲ್ಲೇ ತಿಳಿಯಲು ವಂಶವಾಹಿಯಲ್ಲಿ ಗುರುತು ಹುಡುಕುವುದು ನನ್ನ ಕೆಲಸ. ಅದಕ್ಕೆ ಆರೋಗ್ಯದ ಗಿಡದಷ್ಟೇ ರೋಗದ ಗಿಡದ ಎಲೆಯೂ ಬೇಕು. ಅವೆಲ್ಲ ತಿಪ್ಪೆಯಲ್ಲಿ ಬಾಡಿ ಬಿದ್ದಿದ್ದವು. ಯಾವುದು ಯಾವ ನಂಬರಿನದೆಂದು ಹೇಳುವಂತಿರಲಿಲ್ಲ. ಇಡೀ ಹಂಗಾಮಿನ ಕೆಲಸ ಮಣ್ಣುಪಾಲಾಗಿತ್ತು. ಬಯ್ಯಲು ಬಾಯಿ ತೆರೆದವಳಿಗೆ ನೆನಪಾಯಿತು: “ಚೀಟಿ ಬೀಳದ ಹಾಗೆ ನೋಡಿಕೊಳ್ಳಿ” ಎಂದಷ್ಟೇ ಹೇಳಿದ್ದವಳು ನಾನೇ. ರೋಗದ ಗಿಡ ನನಗೇಕೆ ಬೇಕೆಂದು ವಿವರಿಸುವ ಗೋಜಿಗೇ ಹೋಗಿರಲಿಲ್ಲ.

ಈ ಸಲ ನಾಟಿಗೆ ಮುನ್ನ ಬದುವಿನ ಮೇಲೆ ಕೂತು ಅವರಿಗೆ ಎಲ್ಲವನ್ನೂ ಹೇಳಿದೆ. ಮೊನ್ನೆ ವೆಂಕಟಮ್ಮನವರ ಫೋನು: “ಮೇಡಂ, ಮೂರನೇ ಸಾಲಲ್ಲಿ ಒಂದಕ್ಕೆ ಮುದುರು ಬಂದೈತೆ. ಯಾರ್ನೂ ಮುಟ್ಟಕ್ಕೆ ಬಿಟ್ಟಿಲ್ಲ!” ಬೆಳೆಗೆ ರೋಗ ಬಂತೆಂದು ಅಷ್ಟು ಖುಷಿಯಿಂದ ಹೇಳಿದ ರೈತರನ್ನು ನಾನು ಅದುವರೆಗೆ ಕಂಡಿರಲಿಲ್ಲ.