ಸುರಂಗದ ಕೆಂಪು ಲೋಳೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸೂರ್ಯನಿಲ್ಲದೆ ಯಾವ ಜೀವಿಗೂ ಆಹಾರವಿಲ್ಲ ಎಂದು ಹಲಗೆಯ ಮೇಲೆ ಬರೆದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ನೀರಿಗಾಗಿ ಗುಡ್ಡದೊಳಕ್ಕೆ ಸುರಂಗ ಕೊರೆಯುವವರು. ರಜೆಯಲ್ಲಿ ಅವಳೂ ಮಣ್ಣು ಹೊರಲು ಹೋಗುತ್ತಿದ್ದಳು.

“ಟೀಚರ್, ಸುರಂಗದ ಒಳಗೆ ಬಿಸಿಲೇ ಇಲ್ಲ. ಆದ್ರೂ ನೀರು ಒಸರುವಲ್ಲಿ ಕೆಂಪು ಲೋಳೆ ಬೆಳೀತದೆ. ಅಪ್ಪ ಕೆರೆದು ತೆಗೆದ್ರೂ ಪುನಃ ಬೆಳೀತದೆ. ಅದು ಎಂತ ತಿಂದು ಬದುಕುದು?”

“ಅದು ಜೀವ ಅಲ್ಲ, ತುಕ್ಕು.”

“ತುಕ್ಕಾದ್ರೆ ಜಾರುದು ಯಾಕೆ?”

ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. “ಸಾಕು, ಕೂತ್ಕೋ. ಪುಸ್ತಕದಲ್ಲಿದ್ದದ್ದು ಬರಿ,” ಎಂದು ಗದರಿದೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಹತ್ತನೆಯ ತರಗತಿಗೆ ಬರಲೂ ಇಲ್ಲ.

ಐದಾರು ವರ್ಷಗಳ ನಂತರ, ಪುತ್ತೂರಿಗೆ ವರ್ಗವಾಗಿದ್ದಾಗ, ಲೈಬ್ರರಿಯಲ್ಲಿ ಒಂದು ವಿಜ್ಞಾನ ಪತ್ರಿಕೆ ಸಿಕ್ಕಿತು. ಬೆಳಕು ತಲುಪದ ಸಮುದ್ರದ ತಳದಲ್ಲಿ, ಬಿಸಿನೀರು ಚಿಮ್ಮುವ ಬಿರುಕುಗಳ ಸುತ್ತ ಆಳೆತ್ತರದ ಹುಳುಗಳು ಗುಂಪುಗುಂಪಾಗಿ ಬದುಕುತ್ತವಂತೆ. ಅವುಗಳ ಮೈಯೊಳಗಿನ ಸೂಕ್ಷ್ಮಜೀವಿಗಳು ಕೊಳೆತ ಮೊಟ್ಟೆಯ ವಾಸನೆಯ ಅನಿಲದಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವಂತೆ. ಕೊನೆಯಲ್ಲೊಂದು ಮಾತಿತ್ತು: ಕಬ್ಬಿಣ ಬೆರೆತ ನೀರಿನಲ್ಲೂ ಇಂಥ ಜೀವಿಗಳಿವೆ, ಕತ್ತಲೆಯಲ್ಲೇ ಕೆಂಪು ಲೋಳೆ ಕಟ್ಟುತ್ತವೆ.

ಮರುದಿನವೇ ಬಸ್ಸು ಹತ್ತಿ ಅವಳ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಅವಳ ಅಪ್ಪ ಗುದ್ದಲಿಗೆ ಹಿಡಿ ಹಾಕುತ್ತಿದ್ದರು. ಮಗಳೆಲ್ಲಿ ಎಂದು ಕೇಳಿದೆ.

“ಅವಳಿಲ್ಲ ಟೀಚರ್. ಹೋದ ಮಳೆಗಾಲದಲ್ಲಿ ಹೆರಿಗೆಗೆ ಅಂತ ಬಂದಿದ್ಳು. ಜೀಪು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಹೊತ್ತಾಗಿತ್ತು. ಮಗುವೂ ಉಳಿಲಿಲ್ಲ.”

ನಾನು ಜಗಲಿಯ ಮೇಲೆ ಕುಳಿತೆ. ಬಂದ ವಿಷಯ ಏನೆಂದು ಅವರೇ ಕೇಳಿದರು. ತಡವರಿಸುತ್ತ ಎಲ್ಲವನ್ನೂ ಹೇಳಿದೆ.

“ಹಾಗಾದ್ರೆ ಅವಳು ಹೇಳಿದ್ದು ಸರಿಯಾ?”

“ಸರಿ. ತಪ್ಪು ನನ್ನದು.”

“ಆ ದಿನ ಬಂದು ನನ್ನತ್ರ ಕೇಳಿದ್ಳು, ಅಪ್ಪ, ನಾನು ಅಷ್ಟು ದಡ್ಡಿಯಾ ಅಂತ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗುದ್ದಲಿಯನ್ನು ಗೋಡೆಗೆ ಒರಗಿಸಿ, “ಅವಳಮ್ಮ ಕಟ್ಟಿದ ಬೀಡಿ ಅಂಗಡಿಗೆ ಕೊಟ್ಟು ಬರ್ಲಿಕ್ಕೆ ಹೋಗಿದ್ದಾಳೆ. ಅವಳಿಗೂ ಇದನ್ನೊಮ್ಮೆ ಹೇಳಿ ಹೋಗಿ ಟೀಚರ್,” ಎಂದರು.

ಬಸ್ಸು ತಪ್ಪುತ್ತದೆ, ಇನ್ನೊಮ್ಮೆ ಬರುತ್ತೇನೆ ಎಂದು ನಾನು ಎದ್ದುಬಿಟ್ಟೆ. ನಿಜವಾಗಿ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಆ ತಾಯಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮತ್ತೆ ನಾನು ಆ ಮನೆಗೆ ಹೋಗಲೇ ಇಲ್ಲ.